ಇ-ಮೇಲ್ ವಾರ್ತಾಪತ್ರದಲ್ಲಿ ಚಿತ್ರವೂ ಅಕ್ಷರವೂ

ಪತ್ರದೊಡನೆ ಚಿತ್ರವನ್ನೂ ಕಳುಹಿಸಬೇಕೆಂಬ ಆಸೆ ಮನುಷ್ಯನಿಗೆ ಹೊಸದಾಗಿ ಹುಟ್ಟಿದ್ದಲ್ಲ. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಗಣಪತಿ ಇಲ್ಲದಿದ್ದರೆ ನಮ್ಮ ಹಿರಿಯರಿಗೆ ಸಮಾಧಾನವಿಲ್ಲ. ಪರಸ್ಥಳಕ್ಕೆ ಹೋದ ಮಗನ ಕಾಗದದೊಳಗೆ ಒಂದು ಭಾವಚಿತ್ರ ಸಿಕ್ಕರೆ ತಾಯಿ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಈಗ ಕಾಗದದ ಸ್ಥಾನಕ್ಕೆ ಇ-ಮೇಲ್ ಬಂದಿದೆ. ಸಂಘಸಂಸ್ಥೆಗಳೂ ಅಂಗಡಿಯವರೂ ಕಾಲೇಜುಗಳೂ ತಿಂಗಳಿಗೊಮ್ಮೆ ತಮ್ಮವರಿಗೆಲ್ಲ ಒಂದೇ ಬಾರಿಗೆ ಕಳುಹಿಸುವ ಇ-ಮೇಲ್ ವಾರ್ತಾಪತ್ರದಲ್ಲಿ ಚಿತ್ರಗಳು ಹೇಗಿರಬೇಕು, ಎಷ್ಟಿರಬೇಕು, ಎಲ್ಲಿ ಇರಬಾರದು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥ ಯಂತ್ರವಿಷಯಕ್ಕೆ ಏಕೆ ಎಡೆ ಎಂದು ವಾಚಕರು ಕೇಳಬಹುದು. ಇದು ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ಕನ್ನಡದ ವಿಷಯವೆಂದು ನನ್ನ ನಂಬಿಕೆ. ಏಕೆಂಬುದು ಮುಂದೆ ತಿಳಿಯುತ್ತದೆ. ಎರಡು ವರ್ಷಗಳಿಂದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಹೋಗುವ ಮಾಸಿಕ ಇ-ಮೇಲ್ ಪತ್ರವನ್ನು ಸಿದ್ಧಪಡಿಸುವವರಲ್ಲಿ ನಾನೂ ಒಬ್ಬ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕಡೆಗಳಿಂದ ಬರುವ ಗೆಳೆಯರು ತಮ್ಮ ತಮ್ಮ ಊರಿನ ಚಿತ್ರಗಳನ್ನು ತಂದುಕೊಡುತ್ತಾರೆ. ಅವುಗಳನ್ನು ಪತ್ರಕ್ಕೆ ಅಳವಡಿಸುವಾಗ ಕಂಡುಕೊಂಡ ಸಂಗತಿಗಳನ್ನೇ ಇಲ್ಲಿ ಹೇಳುತ್ತೇನೆ.

ಮೊದಲಿಗೆ ಸ್ವಲ್ಪ ಚರಿತ್ರೆ. ಇ-ಮೇಲಿಗೆ ಹುಟ್ಟಿನಿಂದ ಚಿತ್ರದ ಗಂಧವಿರಲಿಲ್ಲ. ೧೯೮೨ರಲ್ಲಿ ಗೊತ್ತುಮಾಡಿದ ನಿಯಮಗಳ ಪ್ರಕಾರ ಅದರಲ್ಲಿ ಸಾಗಬಹುದಾದುದು ‘ಆಸ್ಕಿ’ ಎಂಬ ಪಟ್ಟಿಯ ೧೨೮ ಸಂಕೇತಗಳು ಮಾತ್ರ. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು—ಇಷ್ಟರಲ್ಲಿ ಆ ಪಟ್ಟಿ ಮುಗಿಯಿತು. ಚಿತ್ರಕ್ಕೆ ಅಲ್ಲಿ ಜಾಗವಿರಲಿಲ್ಲ. ಕನ್ನಡದ ‘ಅ’ಕಾರಕ್ಕೂ ಇರಲಿಲ್ಲ. ಈ ಕೊರತೆಯನ್ನು ನೀಗಿದವರು ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ಅಮೆರಿಕನ್ನರು. ಅವರು ರೂಪಿಸಿದ ‘ಮೈಮ್’ ಎಂಬ ಪದ್ಧತಿ ೧೯೯೨ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, ಅದೇ ವರ್ಷದ ಮಾರ್ಚ್ ೧೧ರಂದು, ಬೋರೆನ್‌ಸ್ಟೈನ್ ಈ ಪದ್ಧತಿಯಲ್ಲಿ ಒಂದು ಪತ್ರವನ್ನು ಕಳುಹಿಸಿದರು. ಅದರಲ್ಲಿದ್ದುದು ನಾಲ್ವರು ಹಾಡುಗಾರರ ಒಂದು ಮೇಳದ ಭಾವಚಿತ್ರ ಮತ್ತು ಅವರ ಹಾಡು. ಆ ನಾಲ್ವರಲ್ಲಿ ಬೋರೆನ್‌ಸ್ಟೈನ್‌ರೂ ಒಬ್ಬರು!

ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಮೈಮ್ ಪದ್ಧತಿಯ ಉದ್ದೇಶ ಚಿತ್ರ, ಧ್ವನಿಗಳನ್ನು ಕಳುಹಿಸುವುದಷ್ಟೇ ಆಗಿರಲಿಲ್ಲ. ಇಂಗ್ಲಿಷಲ್ಲದ ಭಾಷೆಗಳ ಲಿಪಿಯನ್ನು ಕಳುಹಿಸುವುದೂ ಆಗಿತ್ತು. ಎಂದರೆ ಚಿತ್ರ ಯಾವ ಬಾಗಿಲಿನಿಂದ ಇ-ಮೇಲಿನೊಳಗೆ ಬಂದಿತೋ ಅದೇ ಬಾಗಿಲಿನಿಂದಲೇ ಕನ್ನಡ ಅಕ್ಷರವೂ ಬಂದಿತು. ಹೀಗೆ ಜೊತೆಯಾಗಿ ಬಂದ ಇಬ್ಬರಲ್ಲಿ ಒಬ್ಬನ ಹೆಗಲ ಮೇಲೆ ಇನ್ನೊಬ್ಬನನ್ನು ಕೂರಿಸುವ ಕೆಟ್ಟ ರೂಢಿಯೇ ನನ್ನ ಈ ಲೇಖನದ ಮುಖ್ಯ ವಿಷಯ. ಆದರೆ ಅದಕ್ಕೆ ಮುಂಚೆ ಚಿತ್ರ ಸಾಗುವ ಬಗೆಯನ್ನು ತಿಳಿಯಬೇಕು.

ಚಿತ್ರವನ್ನು ಪತ್ರದೊಳಗೇ ತುಂಬಿ ಕಳುಹಿಸುವುದು ಒಂದು ಕ್ರಮ. ಅಕ್ಷರಗಳಿಗಾಗಿಯೇ ಮಾಡಿದ ದಾರಿಯಲ್ಲಿ ಚಿತ್ರ ಹೋಗಬೇಕಾದುದರಿಂದ ಅದು ಅಕ್ಷರವೇಷವನ್ನು ಧರಿಸಬೇಕಾಗುತ್ತದೆ. ಚಿತ್ರದ ಮೂರು ಬೈಟುಗಳನ್ನು, ಎಂದರೆ ಇಪ್ಪತ್ತನಾಲ್ಕು ಬಿಟ್ಟುಗಳನ್ನು, ಆರಾರರಂತೆ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ಅರುವತ್ತನಾಲ್ಕು ಚಿಹ್ನೆಗಳಲ್ಲಿ ಒಂದನ್ನು ಕೊಡುತ್ತಾರೆ. ‘ಬೇಸ್ ಸಿಕ್ಸ್ಟಿಫೋರ್’ ಎಂಬುದು ಇದರ ಹೆಸರು. ಮೂರಕ್ಕೆ ನಾಲ್ಕಾದುದರಿಂದ ೩೦೦ ಕಿಲೋಬೈಟಿನ ಚಿತ್ರ ೪೦೦ಕ್ಕೂ ಮೇಲಾಗುತ್ತದೆ. ಪತ್ರದೊಳಗಿನ ಈ ಚಿತ್ರಕ್ಕೆ ಒಂದು ಗುರುತು ಕೊಟ್ಟು, ಬರಹದಲ್ಲಿ ಬೇಕಾದ ಕಡೆ ಆ ಗುರುತಿನಿಂದ ಕರೆಯಬಹುದು. ಇದರಲ್ಲಿ ಲಾಭವೇನೆಂದರೆ ಪತ್ರ ತಲುಪಿದೊಡನೆ ಚಿತ್ರವೂ ತಲುಪಿದಂತೆಯೇ. ನಷ್ಟವೇನೆಂದರೆ ಭಾರ. ಎರಡು ಮೆಗಾಬೈಟಿನ ಪತ್ರವನ್ನು ನಾನೂರು ಮಂದಿಗೆ ಕಳುಹಿಸಿದರೆ ಎಂಟುನೂರು ಮೆಗಾಬೈಟು ಹೊರಹೊರಟಂತಾಯಿತು.

ಎರಡನೆಯ ಕ್ರಮದಲ್ಲಿ ಚಿತ್ರ ಪತ್ರದೊಳಗೆ ಇರುವುದೇ ಇಲ್ಲ. ಅದನ್ನು ಒಂದು ಸರ್ವರಿನಲ್ಲಿಟ್ಟು ಪತ್ರದಲ್ಲಿ ಅದರ ವಿಳಾಸವನ್ನು ಮಾತ್ರ ಬರೆಯುತ್ತಾರೆ. ಓದುಗನು ಪತ್ರವನ್ನು ತೆರೆದಾಗ ಅವನ ಯಂತ್ರ ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ತಂದು ತೋರಿಸುತ್ತದೆ. ಇಂದಿನ ವಾರ್ತಾಪತ್ರಗಳಲ್ಲಿ ಬಹುಪಾಲು ಇದೇ ಕ್ರಮ; ನಾವೂ ಇದನ್ನೇ ಅನುಸರಿಸುತ್ತೇವೆ. (ಚಿತ್ರವನ್ನು ಅಕ್ಷರಮಾಲೆಯಾಗಿಸಿ ಎಚ್.ಟಿ.ಎಂ.ಎಲ್. ಬರಹದ ನಡುವೆಯೇ ಸುರಿಯುವ ಮೂರನೆಯ ಉಪಾಯವೂ ಉಂಟು. ಜಿಮೇಲ್ ಅದನ್ನು ತೋರಿಸುವುದಿಲ್ಲವಾದ್ದರಿಂದ ಅದರ ಗೊಡವೆ ಬೇಡ.)

ಈ ಎರಡನೆಯ ಕ್ರಮಕ್ಕೆ ಒಂದು ಕಳ್ಳಮುಖವಿದೆ. ಓದುಗನ ಯಂತ್ರ ಚಿತ್ರವನ್ನು ತರಲು ಹೋದಾಗ, ‘ಇಂಥ ಓದುಗನು ಇಷ್ಟು ಗಂಟೆಗೆ ಪತ್ರವನ್ನು ತೆರೆದನು’ ಎಂಬುದು ಚಿತ್ರವಿಟ್ಟವನಿಗೆ ಗೊತ್ತಾಗಿಬಿಡುತ್ತದೆ. ಇದಕ್ಕಾಗಿಯೇ ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಚುಕ್ಕಿಯ ಚಿತ್ರಗಳನ್ನು ಪತ್ರದಲ್ಲಿ ಅಡಗಿಸುವವರಿದ್ದಾರೆ. ಆ ಕಾರಣದಿಂದ ಔಟ್‌ಲುಕ್ ತಂತ್ರಾಂಶ ೨೦೦೩ರ ಆವೃತ್ತಿಯಿಂದ ಹೊರಗಿನ ಚಿತ್ರಗಳನ್ನು ಓದುಗನ ಅಪ್ಪಣೆಯಿಲ್ಲದೆ ತರುವುದನ್ನು ನಿಲ್ಲಿಸಿತು. ಗೂಗಲ್ ಸಂಸ್ಥೆ ೨೦೧೩ರ ಡಿಸೆಂಬರಿನಿಂದ ಚಿತ್ರಗಳನ್ನು ತನ್ನ ಸರ್ವರಿನ ಮೂಲಕ ತಂದು ಜಿಮೇಲಿನಲ್ಲಿ ತೋರಿಸತೊಡಗಿತು. ಆಪಲ್ ಸಂಸ್ಥೆ ೨೦೨೧ರಲ್ಲಿ ಓದುಗನು ಪತ್ರವನ್ನು ತೆರೆಯಲಿ ಬಿಡಲಿ, ಚಿತ್ರಗಳನ್ನು ಹಿನ್ನೆಲೆಯಲ್ಲೇ ತರಿಸಿಟ್ಟು ಈ ಎಣಿಕೆಯನ್ನೇ ನಿರರ್ಥಕಗೊಳಿಸಿತು. ನಮ್ಮ ಪತ್ರದಲ್ಲಿ ಅಂಥ ಚುಕ್ಕಿಗಳಿಲ್ಲ. ಹಳೆಯ ವಿದ್ಯಾರ್ಥಿಗಳು ಪತ್ರವನ್ನು ಓದಿದರೋ ಇಲ್ಲವೋ ಎಂದು ಕಿಂಡಿಯಲ್ಲಿ ಇಣುಕುವುದು ಕಾಲೇಜಿಗೆ ಶೋಭಿಸುವ ಕೆಲಸವಲ್ಲ.

ಆದುದರಿಂದ ತಿಳಿಯತಕ್ಕದ್ದು ಇಷ್ಟು: ಕಳುಹಿಸಿದ ಚಿತ್ರ ಎಲ್ಲ ಓದುಗರಿಗೂ ಕಂಡೇ ಕಾಣುತ್ತದೆಂಬ ಭರವಸೆಯಿಲ್ಲ. ಒಬ್ಬನ ಕಚೇರಿಯ ಯಂತ್ರ ಅದನ್ನು ತಡೆದಿರಬಹುದು. ಕನಕಪುರದಿಂದಾಚೆ, ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ಲು ಸಾಲದೆ ಚಿತ್ರ ಅರ್ಧದಲ್ಲೇ ನಿಂತಿರಬಹುದು.

ಇನ್ನು ಅಳತೆಯ ಮಾತು. ಇಂದಿನ ಫೋನಿನಲ್ಲಿ ತೆಗೆದ ಚಿತ್ರವೊಂದು ೪೦೦೦ ಚುಕ್ಕಿ ಅಗಲ, ೩೦೦೦ ಚುಕ್ಕಿ ಎತ್ತರವಿದ್ದು ಮೂರು ನಾಲ್ಕು ಮೆಗಾಬೈಟು ತೂಗುವುದು ಸಾಮಾನ್ಯ. ವಾರ್ತಾಪತ್ರದ ಅಂಕಣ ರೂಢಿಯಲ್ಲಿ ೬೦೦ ಚುಕ್ಕಿ ಅಗಲ. ಈಚಿನ ಪರದೆಗಳಲ್ಲಿ ಚುಕ್ಕಿಗಳು ಒತ್ತೊತ್ತಾಗಿರುವುದರಿಂದ ಅದರ ಇಮ್ಮಡಿ, ೧೨೦೦ ಚುಕ್ಕಿ ಅಗಲದ ಚಿತ್ರ ಸಾಕು. ಅದನ್ನು ‘ಜೆಪೆಗ್’ ರೂಪದಲ್ಲಿ ಉಳಿಸಿದರೆ ಸಾಧಾರಣವಾಗಿ ಒಂದೆರಡು ನೂರು ಕಿಲೋಬೈಟಿಗೆ ಇಳಿಯುತ್ತದೆ. ಹಾಗೆ ಇಳಿಸಿದ ಚಿತ್ರವನ್ನು ಕರೆಯುವಾಗ ‘೬೦೦ರ ಅಗಲದಲ್ಲಿ ತೋರಿಸು’ ಎಂದು ಟ್ಯಾಗಿನೊಳಗೇ ಬರೆಯುವುದನ್ನು ಮರೆಯಬಾರದು. ವಿಂಡೋಸಿನ ಔಟ್‌ಲುಕ್ ೨೦೦೭ರ ಆವೃತ್ತಿಯಿಂದ ಪತ್ರಗಳನ್ನು ವರ್ಡ್ ತಂತ್ರಾಂಶದ ಕಣ್ಣಿನಿಂದ ನೋಡತೊಡಗಿತು; ಆ ಬಗೆಯ ಔಟ್‌ಲುಕ್ ‘ಇದಕ್ಕಿಂತ ಹೆಚ್ಚಾಗಬೇಡ’ ಎಂಬ ಶೈಲಿಯ ಸೂಚನೆಯನ್ನು ಗಣಿಸುವುದಿಲ್ಲ. ಅಗಲ ಬರೆಯದಿದ್ದರೆ ೧೨೦೦ ಚುಕ್ಕಿಯನ್ನೂ ಹರಡಿ ಪತ್ರದ ಮೈಕಟ್ಟನ್ನೇ ಕೆಡಿಸುತ್ತದೆ.

ಒಂದೇ ಅಳತೆಯ ಎರಡು ಚಿತ್ರಗಳು ಒಂದೇ ತೂಕವಿರುವುದಿಲ್ಲವೆಂಬುದು ನಮ್ಮ ಊರುಗಳ ಚಿತ್ರಗಳಿಂದಲೇ ಚೆನ್ನಾಗಿ ಗೊತ್ತಾಗುತ್ತದೆ. ಮಾಗಡಿಯ ಗೆಳೆಯನು ತಂದ ಸಾವನದುರ್ಗದ ಚಿತ್ರದಲ್ಲಿ ಬಂಡೆಯ ಮೇಲಿನ ಕಲೆ, ಬುಡದ ಕುರುಚಲು ಗಿಡ, ಎಲೆ, ಹುಲ್ಲು, ಎಲ್ಲವೂ ಸೂಕ್ಷ್ಮ. ಚನ್ನಪಟ್ಟಣದ ಗೆಳತಿ ತಂದದ್ದು ಬಿಳಿಯ ಬಟ್ಟೆಯ ಮೇಲಿಟ್ಟ ಮರದ ಆಟಿಕೆಯ ಚಿತ್ರ. ಜೆಪೆಗ್ ಪದ್ಧತಿ ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ಸೀಳಿ, ಒಂದೊಂದು ಚೌಕದಲ್ಲೂ ಎಷ್ಟು ಏರಿಳಿತವಿದೆಯೋ ಅಷ್ಟನ್ನು ಬರೆದಿಡುತ್ತದೆ. ಬಿಳಿಯ ಬಟ್ಟೆಯಲ್ಲಿ ಬರೆಯುವುದಕ್ಕೇನಿದೆ? ಹುಲ್ಲಿನಲ್ಲಿ ಬರೆದಷ್ಟೂ ಉಂಟು. ಆದುದರಿಂದ ದುರ್ಗದ ಚಿತ್ರ ಆಟಿಕೆಯ ಚಿತ್ರಕ್ಕಿಂತ ಎಷ್ಟೋ ಪಾಲು ಭಾರ.

ಆದರೆ ಆಟಿಕೆಯ ಚಿತ್ರಕ್ಕೆ ಬೇರೊಂದು ತೊಡಕಿದೆ. ಚನ್ನಪಟ್ಟಣದ ಕುಶಲಿಗಳು ಆಲೆಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಹಾಗೆ ಬಂದ ಕೆಂಪಿನ ಪಕ್ಕದಲ್ಲೇ ಹಳದಿ, ಹಳದಿಯ ಪಕ್ಕದಲ್ಲೇ ಹಸುರು, ನಡುವೆ ಕತ್ತರಿಸಿದಂಥ ಗೆರೆ. ಜೆಪೆಗ್ ಪದ್ಧತಿ ಬೆಳಕಿನ ಹೆಚ್ಚುಕಡಮೆಯನ್ನು ಚುಕ್ಕಿಚುಕ್ಕಿಗೂ ಉಳಿಸಿದರೂ ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದರಂತೆ ಸರಾಸರಿ ಮಾಡಿಬಿಡುತ್ತದೆ. ಹಸುರು ಹುಲ್ಲಿನಲ್ಲಿ ಇದು ಯಾರಿಗೂ ತಿಳಿಯದು. ಅರಗಿನ ಕೆಂಪುಗೆರೆಯ ಅಂಚಿನಲ್ಲಿ ಮಾತ್ರ ಮಸಕಾಗಿ ಕಾಣುತ್ತದೆ. ಉಳಿಸುವಾಗ ಬಣ್ಣದ ಸರಾಸರಿಯನ್ನು ಬೇಡವೆನ್ನುವ ಅವಕಾಶ ಹಲವು ತಂತ್ರಾಂಶಗಳಲ್ಲಿದೆ. ಅಂಥ ಚಿತ್ರಕ್ಕೆ ಅದನ್ನೇ ಬಳಸಬೇಕು.

ರಾಮನಗರದ ರೇಷ್ಮೆಗೂಡಿನ ಚಿತ್ರಕ್ಕೂ ಬಣ್ಣದ ಪ್ರಶ್ನೆಯೇ. ಬೈವೋಲ್ಟೀನ್ ಗೂಡು ಬಿಳಿ, ಸಿ.ಬಿ. ಗೂಡು ಹಳದಿ. ದೀಪದ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಫೋನು ತನ್ನಷ್ಟಕ್ಕೆ ತಾನೇ ತಿದ್ದಿದಾಗ ಬಿಳಿಯದು ಹಳದಿಗೆ ತಿರುಗುವುದುಂಟು, ಹಳದಿಯದು ಬೆಳ್ಳಗಾಗುವುದುಂಟು. ಗೂಡಿನ ಸಂಗತಿ ತಿಳಿದ ರೈತನ ಮಗನು ಅದನ್ನು ನೋಡಿ ನಕ್ಕಾನು. ಹಗಲಿನ ಬೆಳಕಿನಲ್ಲಿ ತೆಗೆದ ಚಿತ್ರವೇ ಮೇಲು.

ಚಿಕ್ಕ ಸಂಗತಿಗಳು ಇನ್ನೂ ಕೆಲವಿವೆ. ಚಲಿಸುವ ‘ಗಿಫ್’ ಚಿತ್ರಗಳ ಮೊದಲ ಚೌಕಟ್ಟನ್ನು ಮಾತ್ರ ಹಳೆಯ ಔಟ್‌ಲುಕ್ ತೋರಿಸುತ್ತಿತ್ತು; ಹೇಳಬೇಕಾದುದು ಮೊದಲ ಚೌಕಟ್ಟಿನಲ್ಲೇ ಇರಲಿ. ಹಿನ್ನೆಲೆಯಿಲ್ಲದ ಕರಿಯ ಲಾಂಛನ ಫೋನಿನ ಕತ್ತಲೆ ಪರದೆಯಲ್ಲಿ ಕರಗಿಹೋಗುತ್ತದೆ. ಸುತ್ತ ತೆಳುವಾದ ಬಿಳಿಯ ಅಂಚು ಕೊಟ್ಟರೆ ಉಳಿಯುತ್ತದೆ. ಒಂದರ ಕೆಳಗೊಂದು ಚಿತ್ರವಿಟ್ಟಾಗ ನಡುವೆ ಬೇಡದ ಸಂದು ಬೀಳುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಯಂತ್ರ ಚಿತ್ರವನ್ನೂ ಒಂದು ಅಕ್ಷರವೆಂದೇ ಎಣಿಸಿ ಸಾಲಿನ ಮೇಲೆ ಕೂರಿಸಿ, ಸಾಲಿನ ಕೆಳಗೆ ಇಳಿಯುವ ಅಕ್ಷರಭಾಗಗಳಿಗಾಗಿ ಜಾಗ ಬಿಟ್ಟಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಚಿತ್ರಕ್ಕೂ ಒಂದು ಒತ್ತಕ್ಷರ ಬಂದೀತೆಂದು ಕಾದಿರುತ್ತದೆ! ಚಿತ್ರವನ್ನು ‘ಬ್ಲಾಕ್’ ಎಂದು ಘೋಷಿಸಿದರೆ ಸಂದು ಹೋಗುತ್ತದೆ. ಮತ್ತೊಂದು ಎಚ್ಚರಿಕೆ: ಫೋನಿನ ಚಿತ್ರದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ರಾಮದೇವರ ಬೆಟ್ಟದ ರಣಹದ್ದಿನ ಗೂಡಿನ ಚಿತ್ರವಾಗಲಿ, ಒಬ್ಬರ ಮನೆಯಂಗಳದ ಚಿತ್ರವಾಗಲಿ, ಕಳುಹಿಸುವ ಮುನ್ನ ಆ ವಿವರವನ್ನು ಅಳಿಸಬೇಕು.

ಇನ್ನು ಮುಖ್ಯ ವಿಷಯ. ಕನ್ನಡದಲ್ಲಿ ಬರುವ ವಾರ್ತಾಪತ್ರ, ಆಮಂತ್ರಣ, ಪ್ರಕಟಣೆಗಳಲ್ಲಿ ಎಷ್ಟೋ ಪತ್ರಗಳಲ್ಲಿ ಒಂದಕ್ಷರವೂ ಇರುವುದಿಲ್ಲ! ಇರುವುದು ಒಂದೇ ಒಂದು ಚಿತ್ರ. ಅಕ್ಷರಗಳೆಲ್ಲ ಆ ಚಿತ್ರದೊಳಗೆ. ತಲೆಬರಹ, ದಿನಾಂಕ, ಸ್ಥಳ, ಫೋನ್ ಸಂಖ್ಯೆ, ಕೊನೆಗೆ ವಂದನೆಗಳು ಕೂಡ ಬಣ್ಣದ ಭಿತ್ತಿಪತ್ರದಂತೆ ಅಚ್ಚಾಗಿರುತ್ತವೆ.

ಈ ರೂಢಿಗೆ ಕಾರಣವಿಲ್ಲದಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಜನರ ಯಂತ್ರಗಳಿಗೆ ಇಳಿದುಬರಲು ಬಹಳ ಕಾಲ ಹಿಡಿಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸ ಬಂದಿತು. ಅಲ್ಲಿಯವರೆಗೂ, ಅನಂತರವೂ, ಕನ್ನಡಿಗರ ಕೈಹಿಡಿದವು ೧೯೯೮ರಲ್ಲಿ ಹೊರಬಂದ ‘ಬರಹ’ ಹಾಗೂ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅವುಗಳಿಗೆ ನಾವು ಋಣಿಗಳು. ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಪತ್ರವನ್ನು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಕೊಂಬು ಚುಕ್ಕಿಗಳೂ ಕಲಸಿದ ಗೋಜಲು ಕಾಣುತ್ತಿತ್ತು. ಆಗ ಬರಹವನ್ನು ಚಿತ್ರ ಮಾಡಿ ಕಳುಹಿಸುವುದು ಜಾಣತನವೇ ಆಗಿತ್ತು. ಇಂದು ಸಾಮಾನ್ಯ ಫೋನುಗಳೂ ಯೂನಿಕೋಡ್ ಕನ್ನಡವನ್ನು ತೊಡಕಿಲ್ಲದೆ ತೋರಿಸುತ್ತವೆ. ಕಾರಣ ಹೋಯಿತು, ರೂಢಿ ಉಳಿಯಿತು.

ಅದರಿಂದಾಗುವ ಕೇಡನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸಹಪಾಠಿಯೊಬ್ಬನಿಗೆ ದೃಷ್ಟಿಯಿಲ್ಲ. ಫೋನು ಪರದೆಯ ಮೇಲಿನ ಬರಹವನ್ನು ಅವನಿಗೆ ಓದಿ ಹೇಳುತ್ತದೆ. ಪಾಠದ ಟಿಪ್ಪಣಿಗಳನ್ನೂ ಕಾದಂಬರಿಗಳನ್ನೂ ಅವನು ಹಾಗೆಯೇ ಓದುತ್ತಾನೆ, ನನಗಿಂತ ಬೇಗ ಓದುತ್ತಾನೆ. ಹೋದ ವರ್ಷ ಒಂದು ಸಂಸ್ಥೆಯಿಂದ ವಿದ್ಯಾರ್ಥಿವೇತನದ ಪ್ರಕಟಣೆ ನಮಗೆಲ್ಲ ಇ-ಮೇಲಿನಲ್ಲಿ ಬಂದಿತು. ಇಡೀ ಪ್ರಕಟಣೆ ಒಂದು ಚಿತ್ರ. ಅವನ ಫೋನು ‘ಚಿತ್ರ’ ಎಂದು ಹೇಳಿ ಒಂದು ಉದ್ದನೆಯ ಅಂಕಿಯನ್ನು ಓದಿ ಸುಮ್ಮನಾಯಿತು. ಯಾವುದೋ ಹಬ್ಬದ ಶುಭಾಶಯವಿರಬೇಕೆಂದು ಅವನು ಅದನ್ನು ಬಿಟ್ಟನು. ಹತ್ತು ದಿನಗಳ ಮೇಲೆ ಊಟದ ಹೊತ್ತಿನಲ್ಲಿ ಅರ್ಜಿಯ ಮಾತು ಬಂದಾಗ ಉಳಿದಿದ್ದುದು ಮಾರನೆಯ ದಿನ ಒಂದೇ. ಆದಾಯದ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಅದೇ ಪ್ರಕಟಣೆಯನ್ನು ಹತ್ತು ಸಾಲು ಅಕ್ಷರದಲ್ಲಿ ಟೈಪು ಮಾಡಿದ್ದರೆ ಅವನು ನಮ್ಮೆಲ್ಲರಿಗಿಂತ ಮೊದಲು ಅರ್ಜಿ ಹಾಕಿರುತ್ತಿದ್ದನು.

ಕಣ್ಣಿದ್ದವರಿಗೂ ಈ ರೂಢಿಯಿಂದ ಸುಖವಿಲ್ಲ. ೧೨೦೦ ಚುಕ್ಕಿ ಅಗಲದ ಭಿತ್ತಿಪತ್ರದಲ್ಲಿ ೨೪ ಚುಕ್ಕಿ ಎತ್ತರವಿದ್ದ ಅಕ್ಷರ, ೩೬೦ರ ಅಗಲಕ್ಕೆ ಕುಗ್ಗಿದಾಗ ಏಳಕ್ಕೆ ಇಳಿಯುತ್ತದೆ. ಅದರಲ್ಲಿ ಒತ್ತಕ್ಷರ ಯಾವುದು, ದೀರ್ಘ ಯಾವುದು? ಚಿತ್ರ ತಡೆಯಲ್ಪಟ್ಟಾಗ ಪತ್ರವೇ ಖಾಲಿ. ಆರು ತಿಂಗಳ ಮೇಲೆ ‘ವಿದ್ಯಾರ್ಥಿವೇತನ’ ಎಂದು ಹುಡುಕಿದರೆ ಸಿಗುತ್ತದೆಂಬ ಭರವಸೆಯಿಲ್ಲ. ಈಚೆಗೆ ಕೆಲವು ಫೋನುಗಳು ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಲು ಯತ್ನಿಸುತ್ತವೆ, ನಿಜ. ಆದರೆ ಅಲಂಕಾರದ ಕನ್ನಡ ಅಕ್ಷರಗಳಲ್ಲಿ ಅವು ಎಡವುತ್ತವೆ. ಕೊನೆಯ ದಿನಾಂಕದ ವಿಷಯದಲ್ಲಿ ಊಹೆ ಸಲ್ಲದು.

ಅಕ್ಷರವಾಗಿಯೇ ಕಳುಹಿಸಿದರೆ ಭಾರ ಹೆಚ್ಚುತ್ತದೆಯೇ ಎಂದು ಕೆಲವರು ಶಂಕಿಸುತ್ತಾರೆ. ಯೂನಿಕೋಡಿನ ರೂಢಿಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿರುವುದರಿಂದ ಹದಿನೆಂಟು ಬೈಟು. ಕೇಳಲು ದೊಡ್ಡದೇ. ಆದರೂ ಈ ಲೇಖನದಷ್ಟು ಬರಹ ಐವತ್ತು ಕಿಲೋಬೈಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಸಾಧಾರಣ ಚಿತ್ರದ ಅರ್ಧವೂ ಅಲ್ಲ. ಜಿಮೇಲ್ ಸುಮಾರು ೧೦೨ ಕಿಲೋಬೈಟಿಗಿಂತ ಉದ್ದವಾದ ಎಚ್.ಟಿ.ಎಂ.ಎಲ್. ಬರಹದ ಬಾಲವನ್ನು ಮರೆಮಾಡುತ್ತದೆಂಬುದನ್ನು ಮಾತ್ರ ನೆನಪಿಡಬೇಕು.

ಹಾಗಾದರೆ ಚಿತ್ರವೇ ಬೇಡವೆ? ಬೇಕು, ಅದರ ಜೊತೆಗೆ ‘ಆಲ್ಟ್’ ಎಂಬ ಬದಲಿ ಬರಹವೂ ಬೇಕು. ಚಿತ್ರ ಬಾರದ ಕಡೆ ಕಾಣುವುದೂ, ದೃಷ್ಟಿಯಿಲ್ಲದವರಿಗೆ ಕೇಳಿಸುವುದೂ ಇದೇ. ಇದನ್ನು ಬರೆಯುವುದು ಕಲಾವಿದ್ಯಾರ್ಥಿಗಳಾದ ನಮಗೆ ಒಪ್ಪುವ ಕೆಲಸ. ‘ಚಿತ್ರ’, ‘ಫೋಟೋ ಒಂದು’ ಎಂದು ಬರೆದರೆ ಬರೆದಂತಾಗಲಿಲ್ಲ. ಚಿತ್ರ ಅಲ್ಲಿ ಏತಕ್ಕಿದೆಯೋ ಅದನ್ನು ಹೇಳಬೇಕು. ಚನ್ನಪಟ್ಟಣದ ಅದೇ ಆಟಿಕೆ ಮಾರಾಟದ ಪತ್ರದಲ್ಲಿದ್ದರೆ ‘ಕೆಂಪು, ಹಳದಿ, ಹಸುರು ಬಳೆಗಳನ್ನು ಕೋಲಿಗೆ ಪೋಣಿಸಿದ ಮರದ ಆಟಿಕೆ, ಗೇಣುದ್ದ’ ಎನ್ನಬೇಕು. ಕಸುಬಿನ ಬಗೆಗಿನ ಲೇಖನದಲ್ಲಿದ್ದರೆ ‘ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಮೂಡಿದ ಬಣ್ಣದ ಪಟ್ಟೆಗಳು’ ಎನ್ನಬೇಕು. ಬರಿಯ ಅಲಂಕಾರದ ಬಳ್ಳಿ, ಗೆರೆಗಳಿಗೆ ಆಲ್ಟನ್ನು ಖಾಲಿ ಬಿಡಬೇಕು. ಬಿಡುವುದೆಂದರೆ ಬರೆಯದಿರುವುದಲ್ಲ, ಖಾಲಿ ಎಂದು ಬರೆಯುವುದು. ಇಲ್ಲದಿದ್ದರೆ ಓದುವ ಯಂತ್ರ ಕಡತದ ಹೆಸರನ್ನು ಒದರಬಹುದು. ಗೂಡಿನ ಮಾರುಕಟ್ಟೆಯ ಧಾರಣೆ ಹಲಗೆಯಂಥ ಚಿತ್ರಕ್ಕೆ ಆಲ್ಟ್ ಸಾಲದು. ಧಾರಣೆಯನ್ನು ಅಕ್ಷರದಲ್ಲಿ ಪಟ್ಟಿಯಾಗಿ ಬರೆದು ಹಲಗೆಯ ಚಿತ್ರವನ್ನು ಕೈಬಿಡುವುದೇ ಸರಿ. ಪತ್ರದ ಆರಂಭದಲ್ಲಿ ‘ಇದರ ಭಾಷೆ ಕನ್ನಡ’ ಎಂಬ ಗುರುತನ್ನು ಹಾಕಿದರೆ ಓದುವ ಯಂತ್ರ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಅನುಕೂಲ.

ಪ್ರತಿ ಪತ್ರವನ್ನೂ ನಾವು ಮೊದಲು ನಮಗೆ ನಾವೇ ಕಳುಹಿಸಿಕೊಳ್ಳುತ್ತೇವೆ. ಚಿತ್ರಗಳನ್ನು ಆರಿಸಿಟ್ಟು ಒಮ್ಮೆ ಓದುತ್ತೇವೆ; ಅನಂತರ ಮೇಲೆ ಹೇಳಿದ ಗೆಳೆಯನು ತನ್ನ ಫೋನಿನಲ್ಲಿ ಕೇಳುತ್ತಾನೆ. ಆಲ್ಟ್ ಬರಹದಲ್ಲಿ ನಾನು ‘ರಮಣೀಯ’ ಎಂದು ಬರೆದ ಕಡೆಯಲ್ಲೆಲ್ಲ ‘ಹಾಗೆಂದರೆ ಏನು ಕಂಡಿತು, ಅದನ್ನು ಹೇಳು’ ಎಂದು ಕೇಳುವುದು ಅವನ ಪದ್ಧತಿ. ಸಾವನದುರ್ಗದ ಚಿತ್ರಕ್ಕೆ ಈಗಿರುವ ಸಾಲು ಅವನು ಮೂರು ಬಾರಿ ತಿರುಗಿಸಿ ಕಳುಹಿಸಿದ ಮೇಲೆ ಬಂದದ್ದು.

ಕಡೆಯದಾಗಿ ಒಂದು ಕೋರಿಕೆ. ಪತ್ರದಲ್ಲಿರುವುದು ಚಿತ್ರದ ವಿಳಾಸ ಮಾತ್ರವಾದುದರಿಂದ ಸರ್ವರಿನಲ್ಲಿ ಚಿತ್ರವನ್ನು ಅಳಿಸಿದರೆ ಹಿಂದೆ ಹೋದ ಪತ್ರಗಳಲ್ಲೂ ಅದು ಮಾಯವಾಗುತ್ತದೆ. ನಮ್ಮ ಚಿತ್ರಗಳನ್ನು ವರ್ಷ, ತಿಂಗಳುಗಳ ಹೆಸರಿನ ಕೋಶಗಳಲ್ಲಿ ಇಟ್ಟಿದ್ದೇವೆ. ಮುಂದಿನ ವರ್ಷ ಈ ಕೆಲಸವನ್ನು ವಹಿಸಿಕೊಳ್ಳುವ ಮಿತ್ರರು ಜಾಗ ಸಾಲದೆಂದು ಹಳೆಯ ಕೋಶಗಳಿಗೆ ಕೈಹಾಕದೆ, ಹೊಸ ಚಿತ್ರಗಳನ್ನು ಇಳಿಸಿ ಏರಿಸಬೇಕು.